ವಿದೇಶದಲ್ಲಿದ್ದೇ ಊರಿನ ಮನೆಯ ಬಿಲ್ ಕಟ್ಟಲು
ಬೆಂಗಳೂರಲ್ಲಿ ಅಪ್ಪ ಅಮ್ಮ ಇದ್ದು ನೀವು ಹೊರದೇಶದಲ್ಲಿದ್ದರೆ, ಕರೆಂಟ್, ನೀರಿನ ಬಿಲ್ಲುಗಳನ್ನು ನಿಮ್ಮ ಎನ್‌ಆರ್‌ಒ ಖಾತೆಯ (ಅನಿವಾಸಿ ಭಾರತೀಯರು ಭಾರತದಲ್ಲಿ ಇಡುವ ರೂಪಾಯಿ ಖಾತೆ) ನೆಟ್‌ಬ್ಯಾಂಕಿಂಗ್‌ನಲ್ಲಿ ಸೇರಿಸಿ ಆಟೋ ಪೇ ಹಾಕಿಬಿಡಿ, ಬಿಲ್ ಬಂದಾಗಲೆಲ್ಲ ಹಣ ತಾನಾಗಿಯೇ ಹೋಗುತ್ತದೆ. ಬೆಸ್ಕಾಂಗೆ ಬಿಲ್ ಮೇಲಿರುವ ಅಕೌಂಟ್ ಐಡಿ, ಜಲಮಂಡಳಿಗೆ ನೀರಿನ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ನಂಬರ್) ಬೇಕು. ಹಳೆಯ ಬಿಲ್ಲಿನ ಒಂದು ಫೋಟೋ ತರಿಸಿಕೊಂಡರೆ ಸಾಕು. ಬಿಲ್ ಯಾರ ಹೆಸರಲ್ಲಿದ್ದರೂ ತೊಂದರೆ ಇಲ್ಲ, ಏಕೆಂದರೆ ಬ್ಯಾಂಕುಗಳು ಬಿಲ್ ಕಟ್ಟಲು ಬಳಸುವ ಭಾರತ್ ಬಿಲ್‌ಪೇ ವ್ಯವಸ್ಥೆ ಮೊತ್ತವನ್ನು ಆ ನಂಬರ್ ನೋಡಿಯೇ ತರುತ್ತದೆ. ಹಣ ರೂಪಾಯಿಯಲ್ಲೇ ಹೋಗುವುದರಿಂದ ವಿದೇಶಿ ಕಾರ್ಡಿನ ಹಾಗೆ ಪರಿವರ್ತನೆ ಶುಲ್ಕ ಬೀಳುವುದಿಲ್ಲ, ಕಾರ್ಡ್ ತಿರಸ್ಕಾರವಾಗುವ ತಲೆನೋವೂ ಇಲ್ಲ. ಆಟೋ ಪೇಗೆ ಗರಿಷ್ಠ ಮೊತ್ತದ ಒಂದು ಮಿತಿ ಹಾಕುವುದನ್ನು ಮಾತ್ರ ಮರೆಯಬೇಡಿ. ಮಾಮೂಲಿ ಬಿಲ್ಲಿನ ಎರಡರಷ್ಟು ಇಟ್ಟರೆ ಸರಿ. ಬೇಸಿಗೆಯಲ್ಲಿ ಬಿಲ್ ಜಾಸ್ತಿ ಬರುತ್ತೆ ಅಲ್ವಾ, ಮಿತಿ ದಾಟಿದರೆ ಬ್ಯಾಂಕ್ ಕಟ್ಟುವುದೇ ಇಲ್ಲ. ಖಾತೆಯಲ್ಲಿ ಹಣ ಕಡಿಮೆ ಇದ್ದರೂ ಅಷ್ಟೇ. ಇನ್ನೊಂದು ಕಡೆ ಇದು ಕೈಕೊಡುತ್ತದೆ: ಆಟೋ ಪೇ ಹಾಕುವಾಗ, ಬದಲಾಯಿಸುವಾಗ ಒಟಿಪಿ ಬೇಕು. ಭಾರತದ ಸಿಮ್ ರೀಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದರೆ ನಂಬರೇ ಹೋಗಬಹುದು. ಆದ್ದರಿಂದ ಸಿಮ್ ರೀಚಾರ್ಜ್ ಮಾಡಿಸುತ್ತಾ ಇರಿ, ಹೊರಡುವ ಮೊದಲೇ ರೋಮಿಂಗ್ ಆನ್ ಮಾಡಿಸಿ, ಇಲ್ಲವೇ ನಿಮ್ಮ ಬ್ಯಾಂಕ್ ವಿದೇಶಿ ನಂಬರಿಗೆ ಒಟಿಪಿ ಕಳಿಸುತ್ತದೆಯೇ ಕೇಳಿ ನೋಡಿ. ಹಳೆಯ ಉಳಿತಾಯ ಖಾತೆಯಲ್ಲೇ ಇದನ್ನೆಲ್ಲ ನಡೆಸಬೇಡಿ, ಅನಿವಾಸಿಗಳಾದ ಮೇಲೆ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಲೇಬೇಕು. ಆಸ್ತಿ ತೆರಿಗೆಯನ್ನು ಇದರಲ್ಲಿ ಸೇರಿಸಬೇಡಿ. ಅದು ವರ್ಷಕ್ಕೊಮ್ಮೆ ಬರುವುದು, ಮೊತ್ತ ನೋಡಿಕೊಂಡು ಕೈಯಾರೆ ಕಟ್ಟುವುದೇ ಒಳ್ಳೆಯದು.