ಗಾಡಿ ನಿಲ್ಲಿಸೋಕೆ ಬೇಕಾದ ಸಾಮಾನು

ಅಕ್ಕನ ಮಗ ಮುಂದಿನ ವಾರ ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಅಹಮದಾಬಾದಿಗೆ ಹೊರಟಿದ್ದಾನೆ. ಇಷ್ಟು ದಿನ ಹುಬ್ಬಳ್ಳಿ, ದಾವಣಗೆರೆ ಅಂತ ಹತ್ತಿರದ ಬಾಡಿಗೆ ಹೊಡೆದವನಿಗೆ ಇದು ಮೊದಲ ಲಾಂಗ್ ರೂಟು. ‘ಮಾವಾ, ಏನೇನು ಇಟ್ಕೋಬೇಕು?’ ಅಂತ ಕೇಳಿದ. ಹದಿನೇಳು ವರ್ಷ ಇದೇ ದಾರಿಯಲ್ಲಿ ಹತ್ತು ಚಕ್ರದ ಗಾಡಿ ಓಡಿಸಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರ ಕ್ಯಾಬಿನ್ ಹತ್ತಿ ನೋಡಿ. ದೊಡ್ಡ ಸ್ಪೀಕರ್, ಬಣ್ಣದ ಲೈಟು, ಮೊಬೈಲ್ ಸ್ಟ್ಯಾಂಡು, ಕನ್ನಡಿಗೆ ಕುಚ್ಚು ಎಲ್ಲ ಇರುತ್ತದೆ. ಗಾಡಿ ನಿಲ್ಲಿಸಬೇಕಾಗಿ ಬಂದಾಗ ಕೈಗೆ ಬೇಕಾದದ್ದು ಒಂದೂ ಇರುವುದಿಲ್ಲ. ನಾನೂ ಹಾಗೇ ಹೊರಟವನು.

ಮೊದಲ ವರ್ಷ, ಸಾತಾರಾ ದಾಟಿದ ಮೇಲೆ ರಾತ್ರಿ ಎರಡರ ಸುಮಾರಿಗೆ ಹಿಂದಿನ ಒಳಟೈರು ಒಡೆಯಿತು. ಗಾಡಿ ಪಕ್ಕಕ್ಕೆ ತಂದೆ, ಆದರೂ ಅರ್ಧ ಮೈ ರಸ್ತೆ ಮೇಲೇ ಉಳಿಯಿತು. ಹಿಂದೆ ಬರುವವರಿಗೆ ಎಚ್ಚರಿಕೆಗೆ ಇಡುವ ತ್ರಿಕೋನ ಇರಲಿಲ್ಲ. ಹಿಂದಿನ ಕೆಂಪು ರೇಡಿಯಂ ಪಟ್ಟಿ ಕೆಸರು ಹಿಡಿದು ಸತ್ತುಹೋಗಿತ್ತು. ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ ಇಟ್ಟು ಜಾಕಿ ಹಾಕುತ್ತಿದ್ದೆ. ಬೈಕಿನಲ್ಲಿ ಬಂದ ಗಂಡ ಹೆಂಡತಿ ಆ ಕಲ್ಲಿಗೇ ತಾಗಿ ಜಾರಿದರು. ದೇವರ ದಯೆ, ಮೊಣಕೈ ತರಚಿದ್ದಷ್ಟೇ. ಆ ಹೆಣ್ಣುಮಗಳು ರಸ್ತೆ ಮಧ್ಯೆ ಕೂತು ನಡುಗುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ಗಾಡಿಯಲ್ಲಿ ಎರಡು ಪ್ರತಿಫಲನ ತ್ರಿಕೋನ, ಹೊಳೆಯುವ ಪಟ್ಟಿಯ ಜಾಕೆಟ್ಟು, ತಲೆಗೆ ಕಟ್ಟುವ ಟಾರ್ಚು ಇಲ್ಲದೆ ಹೊರಟಿಲ್ಲ. ರಸ್ತೆಗೆ ಕಲ್ಲು ಇಡಬೇಡಿ. ಇಡಲೇಬೇಕಾಗಿ ಬಂದರೆ ಹೊರಡುವ ಮುಂಚೆ ನಿಮ್ಮ ಕೈಯಾರೆ ಎತ್ತಿ ಆಚೆ ಹಾಕಿ. ಊರಿಗೆ ತಿರುಗಿದ ಪ್ರತಿ ಸಲ ರೇಡಿಯಂ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು.

ಟೈರು ನೋಡುವುದಕ್ಕೆ ಒಂದು ಕಬ್ಬಿಣದ ರಾಡು ಸಾಕು. ನಿಂತಾಗಲೆಲ್ಲ ಹತ್ತೂ ಟೈರಿಗೆ ಹೊಡೆಯುತ್ತೇನೆ. ಗಾಳಿ ತುಂಬಿದ್ದು ರಾಡನ್ನು ವಾಪಸ್ ಎಗರಿಸಿ ‘ಠಣ್’ ಅನ್ನುತ್ತದೆ, ಇಳಿದದ್ದು ‘ಧಪ್’ ಅನ್ನುತ್ತದೆ. ಜೋಡಿ ಟೈರಿನಲ್ಲಿ ಒಳಗಿನದು ಕುಳಿತರೆ ಕಣ್ಣಿಗೆ ಕಾಣುವುದೇ ಇಲ್ಲ, ಹೊರಗಿನದು ಭಾರವೆಲ್ಲ ಹೊತ್ತು ಕಾದು ಒಡೆಯುತ್ತದೆ. ಎರಡರ ನಡುವೆ ಸಿಕ್ಕಿದ ಕಲ್ಲನ್ನೂ ಆ ರಾಡಿನಲ್ಲೇ ಮೀಟಿ ತೆಗೆಯಿರಿ. ಆಮೇಲೆ ಹಬ್ (ಚಕ್ರದ ನಡುಭಾಗ) ಹತ್ತಿರ ಕೈ ಒಯ್ದು ನೋಡಿ. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಜಾಸ್ತಿ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಇಲ್ಲವೇ ಬೇರಿಂಗಿನಲ್ಲಿ ಗ್ರೀಸ್ ಒಣಗಿದೆ.

ಈಗ ಬ್ರೇಕಿನ ಮಾತು. ಪುಣೆ ಹತ್ತಿರ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗೂ ಇಳಿಜಾರು. ಘಾಟಿನ ಹಾಗೆ ಕಡಿದಾದ ತಿರುವು ಇಲ್ಲ, ನೋಡೋಕೆ ಏನೂ ಅನಿಸುವುದಿಲ್ಲ. ಅಲ್ಲೇ ಸ್ವಲ್ಪ ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಹಾಕುತ್ತಾರೆ. ಗೇರ್ ಬಿಟ್ಟ ಮೇಲೆ ಇಂಜಿನ್ ಗಾಡಿಯನ್ನು ಹಿಡಿದೆಳೆಯುವುದಿಲ್ಲ, ಅಷ್ಟೂ ಟನ್ ಕಾಲಡಿಯ ಬ್ರೇಕಿನ ಮೇಲೇ ಬೀಳುತ್ತದೆ. ಒತ್ತಿ ಒತ್ತಿ ಡ್ರಮ್ ಕಾಯುತ್ತದೆ, ಕಾದ ಲೈನಿಂಗ್ ಹಿಡಿತ ಬಿಡುತ್ತದೆ. ಇಂಜಿನ್ನನ್ನೂ ಆಫ್ ಮಾಡಿದರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಂತು ಟ್ಯಾಂಕಿನ ಗಾಳಿ ಖಾಲಿಯಾಗುತ್ತಾ ಬರುತ್ತದೆ, ಸ್ಟೀರಿಂಗೂ ಬಿಗಿಯುತ್ತದೆ. 2022ರ ನವೆಂಬರಿನಲ್ಲಿ ಅದೇ ಜಾಗದಲ್ಲಿ ಹಿಡಿತ ತಪ್ಪಿದ ಒಂದು ಭಾರಿ ಗಾಡಿಯಿಂದ ನಲವತ್ತಕ್ಕೂ ಹೆಚ್ಚು ವಾಹನ ಜಖಂ ಆದವು. ನಾನು ಸುರಂಗದ ಮುಂಚೆಯೇ ಗಾಡಿ ನಿಲ್ಲಿಸಿ ಗಾಳಿ ಒತ್ತಡದ ಮುಳ್ಳು ನೋಡುತ್ತೇನೆ, ಗಾಳಿ ಟ್ಯಾಂಕಿನಡಿಯ ಕಾಕ್ ಎಳೆದು ಒಳಗೆ ಕೂಡಿದ ನೀರು ಬಿಡುತ್ತೇನೆ, ಗಾಳಿ ಮತ್ತೆ ತುಂಬುವ ತನಕ ಕಾಯುತ್ತೇನೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ಜೊತೆಗೆ ಹೊಗೆ ತಡೆದು ಇಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕು. ಹಿಂದಿನವನು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ಮೆಣಸಿನಕಾಯಿ ಲೋಡಿಗೆ ತಾಡಪಾಲೇ ಪ್ರಾಣ. ಒಂದು ಚೀಲ ನೆನೆದರೂ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ, ದುಡ್ಡು ನಮ್ಮ ಬಾಡಿಗೆಯಲ್ಲೇ ಮುರಿಯುತ್ತದೆ. ಎರಡು ತಾಡಪಾಲು ಹೊದಿಸುವಾಗ ಹೆಂಚು ಹೊದಿಸಿದ ಹಾಗೆ, ಮುಂದಿನದರ ಅಂಚು ಹಿಂದಿನದರ ಮೇಲೆ ಬರಬೇಕು. ತಿರುಗಾ ಮುರುಗಾ ಆದರೆ ಗಾಳಿ ಒಳಗೆ ನುಗ್ಗಿ ಹಗ್ಗ ಕಿತ್ತುಹಾಕುತ್ತದೆ. ಐವತ್ತು ಕಿಲೋಮೀಟರ್ ಹೋದ ಮೇಲೆ ಚೀಲ ಕುಸಿದು ಹಗ್ಗ ಸಡಿಲಾಗುತ್ತದೆ. ಅದಕ್ಕೇ ಬಂಕಾಪುರದ ಹತ್ತಿರ ನಿಲ್ಲಿಸಿ ಒಮ್ಮೆ ಬಿಗಿಯುವುದು ನನ್ನ ರೂಢಿ.

ಕಾಗದ ಪತ್ರದ್ದು ಹೆಚ್ಚು ಹೇಳಬೇಕಿಲ್ಲ. ಆರ್‌ಸಿ, ಎಫ್‌ಸಿ, ಪರ್ಮಿಟ್, ಇನ್ಶೂರೆನ್ಸ್, ಹೊಗೆ ಪತ್ರ, ಲೈಸೆನ್ಸು, ಬಿಲ್ಟಿ (ಸರಕಿನ ರಸೀದಿ) ಎಲ್ಲ ಒಂದು ಚೀಲದಲ್ಲಿ, ಮೊಬೈಲಿನ ಡಿಜಿಲಾಕರ್‌ನಲ್ಲಿ ಇನ್ನೊಂದು ಪ್ರತಿ. ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿ ಪತ್ರ, ಅಂದರೆ ಇ-ವೇ ಬಿಲ್ಲಿನ ತಾರೀಖು ಮಾತ್ರ ನೆನಪಿಡಿ: 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಗಾಡಿ ಕೆಟ್ಟು ತಡವಾಗುವಂತಿದ್ದರೆ ಅವಧಿ ಮುಗಿಯುವ ಎಂಟು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದೊಳಗೆ ಮುಂದೂಡಿಸಬಹುದು, ತಕ್ಷಣ ಟ್ರಾನ್ಸ್‌ಪೋರ್ಟಿನವರಿಗೆ ಫೋನ್ ಮಾಡಿ ತಿಳಿಸಿ. ಬಿಎಸ್ 6 ಗಾಡಿಯಾದರೆ ಹೊಗೆ ಶುದ್ಧಿಗೆ ಹಾಕುವ ಯೂರಿಯಾ ದ್ರಾವಣದ ಒಂದು ಕ್ಯಾನ್ ಇರಲಿ, ಅದು ಮುಗಿದರೆ ಇಂಜಿನ್ ಎಳೆಯುವುದಿಲ್ಲ. ಹೆದ್ದಾರಿ ಸಹಾಯಕ್ಕೆ 1033.

ಇನ್ನು ದೇಹದ ವಿಷಯ. ನೀರು ಕುಡಿದರೆ ಪದೇ ಪದೇ ನಿಲ್ಲಿಸಬೇಕಾಗುತ್ತದೆ ಅಂತ ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಎರಡನೇ ವರ್ಷ ವಾಪಿ ಹತ್ತಿರ ಸೊಂಟ ಹಿಡಿದುಕೊಂಡು ಕ್ಯಾಬಿನ್ನಿನಲ್ಲೇ ಹೊರಳಾಡಿದೆ. ಮೂತ್ರಕಲ್ಲು. ಈಗ ಹತ್ತು ಲೀಟರಿನ ಎರಡು ಕ್ಯಾನ್ ಸೀಟಿನ ಹಿಂದೆ ಇರುತ್ತವೆ. ಊಟಕ್ಕೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಹದಿನೈದು ದಿನವಾದರೂ ಕೆಡುವುದಿಲ್ಲ. ಢಾಬಾದಲ್ಲಿ ಮೊಸರು ಇಸಕೊಂಡರೆ ಊಟ ಮುಗಿಯಿತು, ಎಣ್ಣೆ ಪಲ್ಯ ತಿಂದು ಜೋಂಪು ಹತ್ತುವುದಿಲ್ಲ.

ನಿದ್ದೆಗೆ ಬೇಕಾದದ್ದನ್ನು ಸಾಮಾನಿನ ಲೆಕ್ಕದಲ್ಲೇ ಕೊಳ್ಳಿ. ಸೊಳ್ಳೆ ಪರದೆ, 24 ವೋಲ್ಟಿನ ಫ್ಯಾನು, ಕಿಟಕಿಗೆ ಕಪ್ಪು ಬಟ್ಟೆ. 2025ರಿಂದ ಹೊಸದಾಗಿ ತಯಾರಾಗುವ ಲಾರಿಗಳಿಗೆ ಏಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ, ನಮ್ಮ ಹಳೇ ಗಾಡಿಗಳಿಗೆ ಆ ಭಾಗ್ಯ ಇಲ್ಲ. ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಅಂತ 1961ರ ಕಾನೂನಿನಲ್ಲೇ ಬರೆದಿತ್ತು. ನನ್ನ ಹಳೆಯ ಮಾಲೀಕರೊಬ್ಬರು ಬೆಳಗಿನ ಜಾವ ಮೂರಕ್ಕೆ ಫೋನ್ ಮಾಡಿ ‘ಎಲ್ಲಿದ್ದೀ’ ಅನ್ನುತ್ತಿದ್ದರು. ಮಲಗಿದ್ದೇನೆ ಅಂತ ಹೇಳುವ ಧೈರ್ಯ ಬರೋಕೆ ನನಗೆ ನಾಲ್ಕು ವರ್ಷ ಬೇಕಾಯಿತು. ಈಗ ರಾತ್ರಿ ಎರಡರಿಂದ ಐದರ ತನಕ ಗಾಡಿ ಓಡಿಸುವುದೇ ಇಲ್ಲ. ದೀಪ ಇರುವ ಪೆಟ್ರೋಲ್ ಬಂಕಿನಲ್ಲಿ, ಡೀಸೆಲ್ ಟ್ಯಾಂಕಿನ ಕಡೆ ಗೋಡೆಗೆ ಒತ್ತಿ ನಿಲ್ಲಿಸಿ, ಕ್ಯಾಪಿಗೆ ಬೀಗ ಹಾಕಿ ಮಲಗುತ್ತೇನೆ.

ನಿನ್ನೆ ಜಾಲಿ ಕಟ್ಟಿಗೆಯಲ್ಲಿ ಅಳಿಯನಿಗೆ ಎರಡು ಅಡ್ಡಗಟ್ಟೆ ಕೆತ್ತಿಸಿದೆ, ಚಕ್ರದಡಿ ಇಡೋಕೆ. ಎರಡಕ್ಕೂ ಉದ್ದ ಹಗ್ಗ ಕಟ್ಟಿದ್ದೇನೆ. ನಿಲ್ಲಿಸಿದಾಗ ಹಗ್ಗದ ಇನ್ನೊಂದು ತುದಿಯನ್ನು ಡ್ರೈವರ್ ಬಾಗಿಲಿನ ಹಿಡಿಗೆ ಸಿಕ್ಕಿಸಬೇಕು. ಹತ್ತುವಾಗ ಕೈಗೆ ತಾಗುತ್ತದೆ, ಗಟ್ಟೆ ಮರೆತು ಹೊರಡೋಕೆ ಆಗುವುದಿಲ್ಲ.