ಮೆಟ್ಟಿಲಿನ ಲೈಟಿಗೆ ಎರಡು ಸ್ವಿಚ್: ವೈರಿಂಗ್ ಮಾಡೋದು ಹೀಗೆ

ಕೆಳಗೆ ಹಾಕಿದ ಲೈಟನ್ನು ಮೇಲೆ ಹೋಗಿ ಆರಿಸಬೇಕು, ಅಷ್ಟೇ ತಾನೇ? ಇದಕ್ಕೆ ಬೇಕಾಗಿರುವುದು ಎರಡು ಟೂ ವೇ ಸ್ವಿಚ್. ಅಂಗಡಿಯಲ್ಲಿ ಸುಮ್ನೆ 'ಸ್ವಿಚ್ ಕೊಡಿ' ಅಂದರೆ ಒನ್ ವೇ ಕೊಡುತ್ತಾರೆ. ಹಿಂದೆ ತಿರುಗಿಸಿ ನೋಡಿ, ಮೂರು ಸ್ಕ್ರೂ ಇರಬೇಕು. 6 ಆಂಪ್‌ನದು ಸಾಕು. ವೈರು 1.5 ಚದರ ಮಿಲಿಮೀಟರಿನ ತಾಮ್ರದ್ದು ತನ್ನಿ.

ಮೊದಲು ಎಂಸಿಬಿ (ಮೇನ್ ಬೋರ್ಡಿನಲ್ಲಿ ಲೈನಿನ ಕರೆಂಟು ಕಡಿಯುವ ಸ್ವಿಚ್) ಇಳಿಸಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ, ಇದನ್ನೇ ಜಾಸ್ತಿ ಜನ ಮರೆಯೋದು. ಮೇನ್ ಆಫ್ ಮಾಡಿದ ಕೂಡಲೇ ಯುಪಿಎಸ್ ಲೈಟಿನ ಲೈನಿಗೆ ಕರೆಂಟು ಕೊಡಲು ಶುರು ಮಾಡುತ್ತದೆ, ನೀವು ಕರೆಂಟಿಲ್ಲ ಅಂದುಕೊಂಡು ಕೈ ಹಾಕಿರುತ್ತೀರಿ. ಟೆಸ್ಟರನ್ನು ಕರೆಂಟಿರುವ ಕಡೆ ಇಟ್ಟು ಉರಿಯುತ್ತಾ ನೋಡಿಕೊಂಡು, ಆಮೇಲೆ ನೀವು ಕೈ ಹಾಕುವ ವೈರಿಗೆ ಇಟ್ಟು ನೋಡಿ, ಉರಿಯಬಾರದು.

ಇನ್ನು ಕನೆಕ್ಷನ್. ಮೂರು ಸ್ಕ್ರೂಗಳಲ್ಲಿ ಒಂದು ಕಾಮನ್. ಹೆಚ್ಚಿನ ಸ್ವಿಚ್ಚುಗಳಲ್ಲಿ ಅದು ನಡುವಿನದು, ಆದರೂ ನಂಬಬೇಡಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ನೋಡಿ: ಸ್ವಿಚ್ ಮೇಲೆ ಒತ್ತಿದಾಗ ಒಂದರ ಜೊತೆ, ಕೆಳಗೆ ಒತ್ತಿದಾಗ ಇನ್ನೊಂದರ ಜೊತೆ ಬೀಪ್ ಕೊಡುವುದೇ ಕಾಮನ್. ಫೇಸ್ ವೈರನ್ನು, ಅಂದರೆ ಕರೆಂಟು ಬರುವ ವೈರನ್ನು, ಕೆಳಗಿನ ಸ್ವಿಚ್ಚಿನ ಕಾಮನ್‌ಗೆ ಕೊಡಿ. ಮೇಲಿನ ಸ್ವಿಚ್ಚಿನ ಕಾಮನ್‌ನಿಂದ ಹೋಲ್ಡರಿಗೆ ಒಂದು ವೈರು. ಕೆಳಗಿನ ಸ್ವಿಚ್ಚಿನಲ್ಲಿ ಉಳಿದ ಎರಡು ಸ್ಕ್ರೂಗಳಿಂದ ಮೇಲಿನ ಸ್ವಿಚ್ಚಿನಲ್ಲಿ ಉಳಿದ ಎರಡು ಸ್ಕ್ರೂಗಳಿಗೆ ಎರಡು ವೈರು ಎಳೆಯಿರಿ, ಅವು ಅದಲು ಬದಲಾದರೂ ತೊಂದರೆ ಇಲ್ಲ. ಕಪ್ಪು ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರು) ಯಾವ ಸ್ವಿಚ್ಚಿಗೂ ಹೋಗುವುದಿಲ್ಲ, ನೇರ ಹೋಲ್ಡರಿಗೆ. ಲೈಟಿನ ಬಾಡಿ ಲೋಹದ್ದಾಗಿದ್ದರೆ ಹಸಿರು ಅರ್ತ್ ವೈರನ್ನೂ ಕೊಡಿ, ಬಿಟ್ಟರೂ ಉರಿಯುತ್ತಲ್ಲ ಅಂತ ಬಿಡಬೇಡಿ. ವೈರಿನ ತುದಿ ಸುಲಿದು ಎಳೆಗಳನ್ನು ಚೆನ್ನಾಗಿ ತಿರುಚಿ, ಒಂದು ಎಳೆಯೂ ಹೊರಗೆ ಉಳಿಯದಂತೆ ಸ್ಕ್ರೂ ಬಿಗಿ ಮಾಡಿ, ಒಮ್ಮೆ ಎಳೆದು ನೋಡಿ.

ಮೇಲಿನ ಸ್ವಿಚ್ ಒಂದು ಕಡೆ ಇದ್ದಾಗ ಮಾತ್ರ ಕೆಳಗಿನದು ಕೆಲಸ ಮಾಡುತ್ತಿದೆಯಾ? ಬಲ್ಬು, ಹೋಲ್ಡರ್ ಬಿಚ್ಚಲು ಹೋಗಬೇಡಿ. ಯಾವುದೋ ಒಂದು ಸ್ವಿಚ್ಚಿನಲ್ಲಿ ಕಾಮನ್‌ಗೆ ಬರಬೇಕಾದ ವೈರು ಪಕ್ಕದ ಸ್ಕ್ರೂಗೆ ಹೋಗಿದೆ.

ಕೆಲವರು ಎರಡು ಸ್ವಿಚ್ಚಿಗೂ ಹತ್ತಿರದ ಪ್ಲಗ್‌ನಿಂದಲೇ ಫೇಸು, ನ್ಯೂಟ್ರಲ್ ಎರಡನ್ನೂ ಕೊಟ್ಟು ವೈರು ಉಳಿಸುತ್ತಾರೆ. ಲೈಟೇನೋ ಉರಿಯುತ್ತದೆ. ಆದರೆ ಆರಿದಾಗ ಹೋಲ್ಡರಿನ ಎರಡು ಪಿನ್ನಿನಲ್ಲೂ ಫೇಸ್ ಇರಬಹುದು, ಬಲ್ಬು ಬದಲಿಸಲು ಹೋದವರಿಗೆ ಶಾಕ್ ಹೊಡೆಯುತ್ತದೆ. ತ್ರೀ ಫೇಸ್ ಮನೆಯಲ್ಲಿ ಕೆಳಗೊಂದು ಫೇಸು ಮೇಲೊಂದು ಫೇಸು ಇದ್ದರಂತೂ 230 ವೋಲ್ಟಿನ ಬಲ್ಬಿಗೆ 400 ವೋಲ್ಟು ಬರುತ್ತದೆ. ಹಾಗೆ ಮಾಡಿರುವುದು ಕಂಡರೆ ಬಿಚ್ಚಿಸಿ.

ಹಳೇ ಸ್ವಿಚ್ ಬದಲಿಸುವುದು ಕೈಲಾಗುವ ಕೆಲಸ. ಗೋಡೆ ಒಡೆದು ಹೊಸ ಪೈಪು, ಹೊಸ ಲೈನು ಅಂದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ, ಈ ಕನೆಕ್ಷನ್ ಹೇಳಿ ಮಾಡಿಸಿಕೊಳ್ಳಿ. ಮೂರನೇ ಮಹಡಿಗೂ ಸ್ವಿಚ್ ಬೇಕಾದರೆ ನಡುವೆ ಇಂಟರ್‌ಮೀಡಿಯೆಟ್ ಸ್ವಿಚ್ ಸೇರಿಸಬೇಕು. ಅದಕ್ಕೆ ನಾಲ್ಕು ಸ್ಕ್ರೂ ಇರುತ್ತವೆ, ಎರಡು ಸ್ವಿಚ್ಚುಗಳ ನಡುವೆ ಎಳೆದ ಆ ಎರಡು ವೈರುಗಳು ಅದರ ಮೂಲಕ ಹಾದು ಹೋಗುತ್ತವೆ.