ಹಿತ್ತಲಿಗೆ ಟೊಮೆಟೊ ತಳಿ ಆರಿಸಿದ ಬಗೆ

ಮೊದಲ ಎರಡು ವರ್ಷ ನಾನು ಟೊಮೆಟೊ ಬೀಜವನ್ನು ಪೊಟ್ಟಣದ ಮೇಲಿನ ಚಿತ್ರ ನೋಡಿಯೇ ಆರಿಸುತ್ತಿದ್ದೆ. ಅಂಗೈ ತುಂಬುವಷ್ಟು ದೊಡ್ಡ ಹಣ್ಣು ಬಿಡುವ ಬ್ರಾಂಡಿವೈನ್ ತಳಿಗೆ ಮರುಳಾಗಿ ಎಂಟು ಸಸಿ ನೆಟ್ಟೆ. ಗಿಡಗಳು ನನ್ನೆತ್ತರ ಮೀರಿ ಬೆಳೆದು ಗೊಂಚಲು ಗೊಂಚಲಾಗಿ ಹೂ ಬಿಟ್ಟವು, ಆದರೆ ಬಿಸಿಲು ಏರುತ್ತಿದ್ದಂತೆ ಹೂಗಳೆಲ್ಲ ತೊಟ್ಟಿನ ಗೆಣ್ಣಿನಲ್ಲಿ ಹಳದಿಯಾಗಿ ಉದುರಿಹೋದವು. ಆಹಾರ ಸಾಲದಾಯಿತೆಂದು ಗೊಬ್ಬರ ಹೆಚ್ಚಿಸಿದೆ. ಅದರಿಂದ ಎಲೆಗಳು ದಟ್ಟವಾದವೇ ಹೊರತು ಒಂದು ಕಾಯಿಯೂ ಹೆಚ್ಚು ಕಚ್ಚಲಿಲ್ಲ.

ತಪ್ಪು ಗೊಬ್ಬರದಲ್ಲಿರಲಿಲ್ಲ, ತಳಿ ಮತ್ತು ಹವೆಯ ಹೊಂದಾಣಿಕೆಯಲ್ಲಿತ್ತು. ಹಗಲಿನ ಉಷ್ಣತೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 24 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ ಟೊಮೆಟೊದ ಪರಾಗ ಸತ್ವ ಕಳೆದುಕೊಳ್ಳುತ್ತದೆ. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದರೂ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ದೊಡ್ಡ ಹಣ್ಣಿನ ತಳಿಗಳಿಗೆ ಈ ಪೆಟ್ಟು ಹೆಚ್ಚು, ಚೆರ್ರಿ ಟೊಮೆಟೊಗಳಿಗೆ ಕಡಿಮೆ. ಇದು ತಿಳಿದ ಮೇಲೆ ನಾನು ಪೊಟ್ಟಣದಲ್ಲಿ ಮೊದಲು ಓದುವುದು ದಿನಗಳ ಲೆಕ್ಕವನ್ನು. ಅಲ್ಲಿ 60 ದಿನ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಬಿತ್ತಿದ ದಿನದಿಂದಲ್ಲ, ಸಸಿಯನ್ನು ನಾಟಿ ಮಾಡಿದ ದಿನದಿಂದ ಮೊದಲ ಹಣ್ಣಿನವರೆಗಿನ ಲೆಕ್ಕ. ಸಸಿಮಡಿಯ ಐದಾರು ವಾರಗಳನ್ನು ನಾವೇ ಕೂಡಿಸಿಕೊಳ್ಳಬೇಕು. ಸೆಕೆ ಬಲಿಯುವ ತಿಂಗಳಿಂದ ಹಿಂದಕ್ಕೆ ಎಣಿಸಿದಾಗ, 80ರಿಂದ 100 ದಿನ ಬೇಡುವ ಬ್ರಾಂಡಿವೈನ್‌ಗೆ ನಾನು ಕೊಟ್ಟಿದ್ದ ಕಾಲಾವಕಾಶ ಏನೇನೂ ಸಾಲದೆಂಬುದು ಕಣ್ಣಿಗೆ ಕಟ್ಟಿತು.

ಎರಡನೆಯದಾಗಿ ನೋಡುವುದು ಗಿಡದ ಬೆಳವಣಿಗೆಯ ರೀತಿ. ಕೆಲವು ತಳಿಗಳ ಕುಡಿ ಒಂದು ಎತ್ತರಕ್ಕೆ ಬಂದು ಹೂಗೊಂಚಲಿನಲ್ಲಿ ಮುಗಿಯುತ್ತದೆ, ಕಾಯಿಗಳು ಸುಮಾರಾಗಿ ಒಟ್ಟಿಗೇ ಹಣ್ಣಾಗುತ್ತವೆ; ಉಳಿದವು ಬಳ್ಳಿಯಂತೆ ಬೆಳೆಯುತ್ತಲೇ ಇದ್ದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಫಲ ಕೊಡುತ್ತವೆ. (ಮೊದಲ ಬಗೆಯ, ಒಂದು ಎತ್ತರಕ್ಕೆ ನಿಂತುಬಿಡುವ ಗುಣ 1914ರಲ್ಲಿ ಫ್ಲೋರಿಡಾದಲ್ಲಿ ತಾನಾಗಿ ಕಾಣಿಸಿಕೊಂಡ ಒಂದು ಮಾರ್ಪಾಡಿನಿಂದ ಬಂದದ್ದು, ಇಂದಿನ ಪೊದೆ ಟೊಮೆಟೊಗಳ ಮೂಲ ಅದೇ.) ಒಮ್ಮೆಲೇ ಕೊಯ್ದು ಗೊಜ್ಜು ಕಾಯಿಸಿಡಲು ರೋಮಾದಂಥ ಪೊದೆ ತಳಿ ಅನುಕೂಲ, ದಿನಕ್ಕೊಂದು ಹಿಡಿ ಬೇಕೆನ್ನುವವರಿಗೆ ಬಳ್ಳಿ ತಳಿ. ಬಳ್ಳಿ ತಳಿಯನ್ನು ಹತ್ತು ಲೀಟರಿನ ಕುಂಡದಲ್ಲಿ ಬೆಳೆಸಹೋಗಿ ದಿನಕ್ಕೆ ಎರಡು ಸಲ ನೀರು ಹಾಕಿದರೂ ಎಲೆ ಬಾಡುವುದನ್ನು ಕಂಡ ನಾನು ಈಗ ಇಪ್ಪತ್ತು ಲೀಟರಿಗಿಂತ ಚಿಕ್ಕದನ್ನು ಅದಕ್ಕೆ ಕೊಡುವುದಿಲ್ಲ.

ಪೊಟ್ಟಣದಲ್ಲಿ ತಳಿಯ ಹೆಸರಿನ ಮುಂದೆ ಇರುವ ಅಕ್ಷರಗಳನ್ನು ಕಡೆಗಣಿಸಿ ಒಮ್ಮೆ ಕೆಟ್ಟೆ. ವಿ ಮತ್ತು ಎಫ್ ಎಂಬವು ಎರಡು ಬಗೆಯ ಸೊರಗು ರೋಗಗಳಿಗೆ, ಎನ್ ಎಂಬುದು ಬೇರುಗಂಟು ಜಂತುಹುಳುವಿಗೆ, ಟಿ ಎಂಬುದು ತಂಬಾಕು ಮೊಸಾಯಿಕ್ ಎಂಬ ವೈರಸ್ ನಂಜಿಗೆ ಇರುವ ನಿರೋಧ ಶಕ್ತಿಯ ಗುರುತು. ಒಂದು ಮಡಿಯಲ್ಲಿ ಕಿತ್ತ ಗಿಡದ ಬೇರುಗಳು ಗಂಟುಗಂಟಾಗಿದ್ದುದನ್ನು ಕಂಡ ಬಳಿಕ ಅಲ್ಲಿಗೆ ಈ ನಾಲ್ಕೂ ಗುರುತುಗಳಿರುವ ಸೆಲೆಬ್ರಿಟಿ ಹೈಬ್ರಿಡ್ ತಂದೆ. ಆದರೆ ಮಣ್ಣಿನ ಬಿಸಿ 28 ಡಿಗ್ರಿ ಮೀರಿದರೆ ಜಂತುಹುಳುವಿನ ವಿರುದ್ಧದ ಶಕ್ತಿ ಕುಂದುವುದರಿಂದ, ಬುಡಕ್ಕೆ ಒಣಹುಲ್ಲಿನ ಹೊದಿಕೆಯನ್ನೂ ಹಾಕಿದೆ.

ರುಚಿಯಲ್ಲಿ ನನಗೆ ಸನ್‌ಗೋಲ್ಡ್ ಎಂಬ ಕಿತ್ತಳೆ ಬಣ್ಣದ ಚೆರ್ರಿ ತಳಿಗೆ ಸಮನಾದದ್ದು ಸಿಕ್ಕಿಲ್ಲ. ಸಿಪ್ಪೆ ತೆಳುವಾದ್ದರಿಂದ ಮಳೆ ಬಿದ್ದ ಮರುದಿನ ಹಣ್ಣು ಸೀಳುತ್ತದೆ ಎಂಬುದೊಂದೇ ತಕರಾರು. ಅದು ಹೈಬ್ರಿಡ್ ಎಂಬುದನ್ನು ಮರೆತು ಬೀಜ ಉಳಿಸಿ ಬಿತ್ತಿದಾಗ ಒಂದು ಗಿಡದಲ್ಲಿ ಕೆಂಪು, ಇನ್ನೊಂದರಲ್ಲಿ ಕಿತ್ತಳೆ, ಮತ್ತೊಂದರಲ್ಲಿ ಸಪ್ಪೆ ಹಣ್ಣು ಬಂದವು. ಟೊಮೆಟೊದಲ್ಲಿ ಬಹುಮಟ್ಟಿಗೆ ಸ್ವಪರಾಗಸ್ಪರ್ಶವೇ ನಡೆಯುವುದರಿಂದ ಹೈಬ್ರಿಡ್ ಅಲ್ಲದ ರೋಮಾದ ಬೀಜವನ್ನು ಮಾತ್ರ ನೆಮ್ಮದಿಯಿಂದ ಉಳಿಸುತ್ತೇನೆ. ತಿರುಳಿನೊಡನೆ ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿಡುತ್ತೇನೆ.

ಈ ಸಲ ಆರು ಗಿಡಗಳಿಗೆ ಜಾಗವಿದೆ. ಮೂರು ರೋಮಾ, ಒಂದು ಸನ್‌ಗೋಲ್ಡ್, ಗಂಟುಬೇರಿನ ಮಡಿಗೆ ಒಂದು ಸೆಲೆಬ್ರಿಟಿ. ಆರನೆಯದು ಬ್ರಾಂಡಿವೈನ್, ಹಟಕ್ಕೆ ಬಿದ್ದು, ಉಳಿದವಕ್ಕಿಂತ ಆರು ವಾರ ಮೊದಲೇ ಸಸಿಮಡಿಗೆ ಹಾಕಿದ್ದೇನೆ.